ಡೆಮೊ ಬಟನ್ ಆಚೆಗಿನ ಕೀಬೋರ್ಡು

ಬೆಂಗಳೂರಿನ ಬಳೇಪೇಟೆಯಾಗಲಿ, ತಾಲ್ಲೂಕು ಕೇಂದ್ರದ ಎಲೆಕ್ಟ್ರಾನಿಕ್ಸ್ ಅಂಗಡಿಯಾಗಲಿ, ಮಗುವಿಗೊಂದು ಕೀಬೋರ್ಡ್ ಬೇಕು ಎಂದು ಬಂದವರ ಮುಂದೆ ಮಾರುವವರು ಮೊದಲು ಒತ್ತುವುದು ಡೆಮೊ ಬಟನ್ನನ್ನು. ಡ್ರಮ್ಸು, ಬೇಸ್ ಗಿಟಾರು, ತುತ್ತೂರಿ ಎಲ್ಲ ಒಟ್ಟಿಗೆ ಮೊಳಗುತ್ತವೆ. ಮಗು ಕಣ್ಣರಳಿಸುತ್ತದೆ, ಅಪ್ಪ ಬೆಲೆ ಕೇಳುತ್ತಾರೆ. ಆಮೇಲೆ ಬರುವುದು ಡಬ್ಬದ ಮೇಲಿನ ಲೆಕ್ಕ: ಇಷ್ಟು ನೂರು ಟೋನು, ಇಷ್ಟು ರಿದಮ್ಮು. ಮನೆಗೆ ಹೋದ ಮೇಲೆ ಮಗುವಿನ ಬೆರಳು ಆ ಕೀಗಳಿಂದ ಏನನ್ನು ಹೊರಡಿಸೀತು ಎಂಬ ಮಾತು ಮಾತ್ರ ಈ ವ್ಯವಹಾರದಲ್ಲಿ ಎಲ್ಲೂ ಬರುವುದಿಲ್ಲ.

ಈ ಲೆಕ್ಕ ಎಷ್ಟು ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಕ್ಯಾಸಿಯೋ ಕಂಪನಿ 2019ರಲ್ಲಿ ಹೊರತಂದ ಎರಡು ಮಾದರಿಗಳೇ ಸಾಕು. ಸಿಟಿ-ಎಸ್200 ಮತ್ತು ಸಿಟಿ-ಎಸ್300, ಎರಡರಲ್ಲೂ 61 ಕೀಗಳು, 400 ಟೋನುಗಳು, 77 ರಿದಮ್ಮುಗಳು. ತೂಕವೂ ಸರಿಸುಮಾರು ಒಂದೇ, ಮೂರೂಕಾಲು ಕಿಲೋ. ಎತ್ತಿಕೊಂಡು ಹೋಗಲು ಎರಡಕ್ಕೂ ಮೈಯಲ್ಲೇ ಹಿಡಿಕೆಯಿದೆ. ಎಸ್200 ಕೆಂಪು, ಬಿಳಿ, ಕಪ್ಪು ಬಣ್ಣಗಳಲ್ಲಿ ಸಿಗುವುದರಿಂದ ಮಕ್ಕಳ ಕಣ್ಣು ಅದರ ಮೇಲೇ ಬೀಳುತ್ತದೆ. ಬೆಲೆಯೂ ಕಡಿಮೆ. ಡಬ್ಬ ನೋಡಿ ಕೊಳ್ಳುವವರಿಗೆ ಎಸ್300ಕ್ಕೆ ಹೆಚ್ಚು ದುಡ್ಡು ಕೊಡಲು ಕಾರಣವೇ ಕಾಣದು.

ಕಾರಣ ಇರುವುದು ಕೀಗಳ ಕೆಳಗೆ. ಎಸ್300ರಲ್ಲಿ ಟಚ್ ರೆಸ್ಪಾನ್ಸ್ ಇದೆ. ಇಂಥ ಕೀಬೋರ್ಡುಗಳಲ್ಲಿ ಪ್ರತಿ ಕೀಯ ಅಡಿ ರಬ್ಬರಿನ ಗುಬ್ಬಿಯಲ್ಲಿ ಎರಡು ಸಂಪರ್ಕಗಳಿರುತ್ತವೆ. ಕೀ ಕೆಳಗಿಳಿಯುವಾಗ ಒಂದು ಮೊದಲು ತಾಗುತ್ತದೆ, ಇನ್ನೊಂದು ಆಮೇಲೆ. ಎರಡರ ನಡುವಿನ ಕ್ಷಣಾಂಶವನ್ನು ಅಳೆದು, ಬೆರಳು ಎಷ್ಟು ವೇಗವಾಗಿ ಇಳಿಯಿತೆಂದು ಯಂತ್ರ ತಿಳಿಯುತ್ತದೆ. ಮೆಲ್ಲನೆ ಒತ್ತಿದರೆ ಮೆಲುದನಿ, ಜೋರಾಗಿ ಬಡಿದರೆ ಗಟ್ಟಿದನಿ. ಎಸ್200ರಲ್ಲಿ ಈ ಅಳತೆಯೇ ಇಲ್ಲ. ಗುದ್ದಿದರೂ ಸವರಿದರೂ ದನಿ ಒಂದೇ ಮಟ್ಟದ್ದು.

ಕಲಿಯುವವರಿಗೆ ಆರಂಭದಲ್ಲೇ ಇದೆಲ್ಲ ಏಕೆ, ಸ್ವರ ಗುರುತಿಸಲು ಬಂದರೆ ಸಾಲದೇ ಎಂಬ ವಾದವಿದೆ. ಕೆಲವು ಮೇಷ್ಟರೂ ಹಾಗೇ ಹೇಳುತ್ತಾರೆ. ಆದರೆ ಹಾರ್ಮೋನಿಯಂ ಅನ್ನು ನೆನೆದರೆ ಈ ವಾದ ನಿಲ್ಲುವುದಿಲ್ಲ. ಹಾರ್ಮೋನಿಯಂನ ಮನೆಗಳಿಗೂ ಬೆರಳಿನ ವೇಗ ತಿಳಿಯದು, ನಿಜ. ಆದರೆ ಅಲ್ಲಿ ಎಡಗೈಯಲ್ಲಿ ತಿದಿಯಿದೆ. ಗಾಯಕಿ ಮೆಲ್ಲಗಾದರೆ ತಿದಿ ನಿಧಾನವಾಗುತ್ತದೆ, ಏರಿದರೆ ಒತ್ತುತ್ತದೆ. ಟಚ್ ರೆಸ್ಪಾನ್ಸ್ ಇಲ್ಲದ ಕೀಬೋರ್ಡಿನಲ್ಲಿ ಬೆರಳಿಗೂ ಹಿಡಿತವಿಲ್ಲ, ತಿದಿಯೂ ಇಲ್ಲ. ಅದರ ಮೇಲೆ ವರ್ಷಗಟ್ಟಲೆ ಕಲಿತ ಮಗು ಟ್ರಿನಿಟಿ ಕಾಲೇಜಿನ ಸಂಗೀತದ ಗ್ರೇಡ್ ಪರೀಕ್ಷೆಗೋ ಯಾರದೋ ಮನೆಯ ಪಿಯಾನೊ ಮುಂದೆಯೋ ಕುಳಿತರೆ ಮೊದಲ ಸಮಸ್ಯೆ ಸ್ವರದ್ದಲ್ಲ. ಪ್ರತಿ ಸ್ವರವನ್ನೂ ಒಂದೇ ಸಮ ಗುದ್ದುವ ಅಭ್ಯಾಸದ್ದು.

ಹಾಗಾಗಿ ಪೂರ್ಣ ಗಾತ್ರದ 61 ಕೀ, ಟಚ್ ರೆಸ್ಪಾನ್ಸ್, ಜೊತೆಗೆ ಸ್ವರವನ್ನು ಹಿಡಿದಿಡುವ ಪೆಡಲ್ ಚುಚ್ಚಲು ಜಾಗ, ಈ ಮೂರು ಕನಿಷ್ಠ.

ಇದಕ್ಕಿಂತ ಕೆಳಗೆ ಏನೇನಿದೆ? ಕ್ಯಾಸಿಯೋ ಎಸ್ಎ-46ರಲ್ಲಿ 32 ಪುಟ್ಟ ಕೀಗಳು. ಒಂದೇ ಸಲಕ್ಕೆ ಎಂಟು ಸ್ವರಗಳಿಗಿಂತ ಹೆಚ್ಚು ಹೊರಡದು. ಬೆಲೆ ಅಗ್ಗ, ಬ್ಯಾಟರಿಯಲ್ಲೂ ನಡೆಯುತ್ತದೆ, ನಾಲ್ಕೈದು ವರ್ಷದ ಮಗುವಿಗೆ ಒಳ್ಳೆಯ ಆಟಿಕೆ. ಆದರೆ ಅಲ್ಲಿ ಬೆರಳಿಗೆ ಕೂತ ಅಂತರ ದೊಡ್ಡ ಕೀಬೋರ್ಡಿಗೆ ಬಂದಾಗ ಕೆಲಸಕ್ಕೆ ಬಾರದು. ಕೈ ಮತ್ತೆ ಮೊದಲಿಂದ ಕಲಿಯಬೇಕು. ಯಮಹಾದ ಪಿಎಸ್ಆರ್-ಎಫ್51 ಇದಕ್ಕಿಂತ ಗಂಭೀರವಾದದ್ದು. ಪೂರ್ಣ ಗಾತ್ರದ 61 ಕೀ, ಕೀಗಳನ್ನು ಇಬ್ಭಾಗ ಮಾಡಿ ಮೇಷ್ಟರೂ ಶಿಷ್ಯರೂ ಅಕ್ಕಪಕ್ಕ ಒಂದೇ ಸ್ಥಾಯಿಯಲ್ಲಿ ನುಡಿಸುವ ಅನುಕೂಲ, ಎಲ್ಲ ಇದೆ. ಟಚ್ ರೆಸ್ಪಾನ್ಸ್ ಇಲ್ಲ, ಪೆಡಲ್ಲಿಗೆ ತೂತಿಲ್ಲ, ಯುಎಸ್‌ಬಿಯೂ ಇಲ್ಲ. ಮಗುವಿಗೆ ಆಸಕ್ತಿ ಇದೆಯೋ ಇಲ್ಲವೋ ಎಂದು ಆರು ತಿಂಗಳು ನೋಡುವುದಕ್ಕೆ ಸರಿ, ಅಷ್ಟೇ.

ಮೇಲಿನ ಕಡೆಗೆ ಹೋದರೆ ಯಮಹಾದ್ದೇ ಪಿಎಸ್ಆರ್-ಇ373 ಇದೆ. ಅದರ ಪಿಯಾನೊ ದನಿ ಎಸ್300ಕ್ಕಿಂತ ತುಂಬಿದ್ದು, ಪಾಠದ ಸೌಲಭ್ಯಗಳೂ ಹೆಚ್ಚು. ಪಾಶ್ಚಾತ್ಯ ಪಿಯಾನೊ ಕಡೆಗೇ ಮನಸ್ಸಿರುವವರಿಗೆ ಇದೇ ಒಳ್ಳೆಯದು. ಎಸ್300ರ ದೊಡ್ಡ ಕೊರತೆ ಬಟನ್ನುಗಳದ್ದು. ಟಚ್ ರೆಸ್ಪಾನ್ಸನ್ನು ಬದಲಿಸಬೇಕೆಂದರೂ ಫಂಕ್ಷನ್ ಮೆನುವಿನೊಳಗೆ ಹೊಕ್ಕು ಹುಡುಕಬೇಕು.

ಕರ್ನಾಟಕ ಸಂಗೀತದ ಪಾಠಕ್ಕೆ ಹೋಗುವವರ ವಿಷಯ ಬೇರೆ. ಮಾಯಾಮಾಳವಗೌಳದ ಸರಳೆ ವರಸೆಗೆ ಯಾವ ಕೀಬೋರ್ಡಾದರೂ ಆದೀತು. ಬಿಳಿ ಒಂದನ್ನು, ಅಂದರೆ ಸಿ ಕೀಯನ್ನು, ಷಡ್ಜ ಮಾಡಿಕೊಂಡರೆ ರಿಷಭ, ಧೈವತಗಳು ಕಪ್ಪಿನಲ್ಲಿ, ಉಳಿದವೆಲ್ಲ ಬಿಳಿಯಲ್ಲಿ. ಹಾಡುವ ಹುಡುಗಿಯ ಶ್ರುತಿ ಐದೂವರೆ ಮನೆಯಾದರೂ ಟ್ರಾನ್ಸ್‌ಪೋಸ್ ಮಾಡಿ ಅದೇ ಬೆರಳಿನಲ್ಲೇ ನುಡಿಸಬಹುದು. ತೊಡಕು ಶುರುವಾಗುವುದು ಗಮಕ ಬಂದಾಗ. ತೋಡಿಯ ಗಾಂಧಾರ ಒಂದು ಕೀಯಲ್ಲಿ ಸುಮ್ಮನೆ ಕೂರುವ ಸ್ವರವಲ್ಲ. ಸ್ವರದಿಂದ ಸ್ವರಕ್ಕೆ ಜಾರಲಾರದು ಎಂಬುದೂ ಸೇರಿದಂತೆ ಹಲವು ಆಕ್ಷೇಪಗಳಿಂದ ಹಾರ್ಮೋನಿಯಂ ಅನ್ನೇ ಆಕಾಶವಾಣಿ 1940ರಲ್ಲಿ ಹೊರಗಿಟ್ಟಿತ್ತು. ನಿಷೇಧ ಸಡಿಲವಾಗಲು 1971 ಬರಬೇಕಾಯಿತು. ಕೀಬೋರ್ಡಿನಲ್ಲಿ ಈ ಜಾರುವಿಕೆಗಿರುವ ಅಲ್ಪಸ್ವಲ್ಪ ಪರಿಹಾರವೆಂದರೆ ಎಡತುದಿಯ ಪಿಚ್ ಬೆಂಡ್ ಚಕ್ರ. ಕೀಬೋರ್ಡಿನಲ್ಲೇ ಕಛೇರಿ ಮಾಡುವ ಕೆ. ಸತ್ಯನಾರಾಯಣನ್ ಅವರಂಥವರ ಗಮಕಗಳು ಹೊರಡುವುದು ಇಂಥ ಸಾಧನದಿಂದಲೇ. ಈ ಚಕ್ರ ಇ373ರಲ್ಲಿ ಇಲ್ಲ, ಅದಕ್ಕಿಂತ ಅಗ್ಗದ ಎಸ್300ರಲ್ಲಿ ಇದೆ.

ಭಾರತಕ್ಕೆಂದೇ ತಯಾರಾದ ಯಮಹಾ ಪಿಎಸ್ಆರ್-ಐ500ರಲ್ಲೂ ಚಕ್ರವಿದೆ, ಜೊತೆಗೆ ತಬಲಾ, ತಂಬೂರಿ ಸೇರಿಸಿ ನುಡಿಸುವ ರಿಯಾಜ್ ಸೌಲಭ್ಯವೂ ಇದೆ. ಅಂಗಡಿಯಲ್ಲಿ ಹೊಗಳುವುದು ಈ ರಿಯಾಜನ್ನೇ. ತಂಬೂರಿಯ ಶ್ರುತಿ ಈಗ ಫೋನಿನಲ್ಲಿ ಪುಕ್ಕಟೆ ಸಿಗುವಾಗ ಅದಕ್ಕಾಗಿ ಅಷ್ಟು ದುಡ್ಡು ಸುರಿಯುವುದು ದಂಡ. ಭಜನೆ, ಆರ್ಕೆಸ್ಟ್ರಾಗಳಲ್ಲಿ ನುಡಿಸುವ ಗುರಿಯಿದ್ದವರಿಗೆ ಅದು ಬೇಕಾದೀತು, ಹೊಸಬರಿಗಲ್ಲ.

ಬೆಳಕು ಹೊತ್ತಿಸುವ ಕೀಗಳ ಮಾದರಿಗಳ ಬಗ್ಗೆ ಒಂದೇ ಮಾತು: ಅಲ್ಲಿ ಕಣ್ಣು ಕಲಿಯುತ್ತದೆ, ಕಿವಿ ಮಲಗುತ್ತದೆ.

ಬೆಲೆ ಹೇಳುವಾಗ ಅಂಗಡಿಯವರು ಬಿಡುವ ಬಾಬ್ತುಗಳೂ ಇವೆ. ಪೆಡಲ್ ಸಾಮಾನ್ಯವಾಗಿ ಬೇರೆಯಾಗಿ ಕೊಳ್ಳಬೇಕು. ಅಡಾಪ್ಟರ್ ಡಬ್ಬದೊಳಗೆ ಇದೆಯೇ ಎಂದು ಕೇಳಿಯೇ ನೋಡಬೇಕು. ಮನೆಯಲ್ಲಿ ಬಿದ್ದಿರುವ ಯಾವುದೋ ಅಡಾಪ್ಟರ್ ಚುಚ್ಚುವುದು ಅಪಾಯ. ಇ373ಕ್ಕೆ 12 ವೋಲ್ಟ್, ಎಸ್300ಕ್ಕೆ 9.5 ವೋಲ್ಟ್. ಇನ್ನು ಸ್ಟ್ಯಾಂಡು. ಮಂಚದ ಮೇಲಿಟ್ಟು ಬಗ್ಗಿ ನುಡಿಸುವ ಮಗುವಿನ ಮಣಿಕಟ್ಟು ಮಡಚಿಯೇ ಇರುತ್ತದೆ. ಟೋನುಗಳ ಲೆಕ್ಕ ನೋಡಿ ಮೇಲಿನ ಮಾದರಿಗೆ ಹೋಗುವ ದುಡ್ಡನ್ನು ಸ್ಟ್ಯಾಂಡಿಗೂ ಪೆಡಲ್ಲಿಗೂ ಹಾಕುವುದು ಜಾಣತನ.

ಸೆಕೆಂಡ್ ಹ್ಯಾಂಡ್ ಕೀಬೋರ್ಡು ಕೊಳ್ಳುವುದರಲ್ಲಿ ತಪ್ಪೇನಿಲ್ಲ, ಪರೀಕ್ಷೆ ಮಾತ್ರ ಕಟ್ಟುನಿಟ್ಟಾಗಿರಬೇಕು. ದನಿಯನ್ನು ಪಿಯಾನೊಗೆ ಇಟ್ಟು, ರಿದಮ್ ನಿಲ್ಲಿಸಿ, ಎಡತುದಿಯಿಂದ ಬಲತುದಿಯವರೆಗೆ 61 ಕೀಗಳನ್ನೂ ಒಂದೊಂದಾಗಿ, ಮೊದಲು ಮೆಲ್ಲಗೆ, ಮತ್ತೆ ಜೋರಾಗಿ ಒತ್ತಬೇಕು. ಮೆಲ್ಲಗೆ ಒತ್ತಿದರೂ ಒಂದು ಕೀ ಕಿರುಚಿದರೆ, ಇಲ್ಲವೇ ದನಿಯೇ ಹೊರಡದಿದ್ದರೆ, ಅಡಿಯ ರಬ್ಬರ್ ಸಂಪರ್ಕ ಸವೆದಿದೆ ಅಥವಾ ಧೂಳು ತುಂಬಿದೆ ಎಂದರ್ಥ. ಒಂದೆರಡು ಕೀ ಹಾಗಿದ್ದರೆ ಬಿಚ್ಚಿ ಒರೆಸಿ ಸರಿಮಾಡುವ ರಿಪೇರಿಯವರು ಸಿಗುತ್ತಾರೆ, ಆ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಳ್ಳಬಹುದು. ನಡುವಿನ ಸ್ಥಾಯಿಯಲ್ಲೇ ಐದಾರು ಕೀಗಳು ಹೀಗೆ ಮಾಡಿದರೆ, ಎಷ್ಟೇ ಅಗ್ಗವಿರಲಿ, ಬಿಟ್ಟು ಬರುವುದೇ ಸರಿ.