ಸಿಡ್ನಿಯ ಶೇ. 1400 ಯಾರ ಲೆಕ್ಕಕ್ಕೆ?

ಬೆಂಟ್ ಫ್ಲೂಬ್ಯೆರ್ ಅವರ ‘ಹೌ ಬಿಗ್ ಥಿಂಗ್ಸ್ ಗೆಟ್ ಡನ್’ (2023, ಜೊತೆಗೆ ಡ್ಯಾನ್ ಗಾರ್ಡ್ನರ್) ಪುಸ್ತಕ ಬಂದಾಗಿನಿಂದ ದೊಡ್ಡ ಕಾಮಗಾರಿಗಳ ಮಾತು ಎದ್ದರೆ ಸಾಕು, ಅದರ ಅಂಕಿಗಳೇ ಮುಂದೆ ಬರುತ್ತವೆ: 136 ದೇಶ, 16,000ಕ್ಕೂ ಹೆಚ್ಚು ಯೋಜನೆ, ಹೇಳಿದ ಹಣದಲ್ಲಿ ಹೇಳಿದ ಹೊತ್ತಿಗೆ ಮುಗಿದದ್ದು ಶೇ. 8.5. ಯೋಜನೆ ರೂಪಿಸುವವರಿಗೆ ಇದು ಬೇಕಾದ ಎಚ್ಚರಿಕೆಯೇ. ಆದರೆ ಯಾವ ದೇಶದ ಗುತ್ತಿಗೆದಾರ ಹೇಗೆ ಕೆಲಸ ಮಾಡುತ್ತಾನೆಂದು ಇದೇ ಕೋಲಿನಿಂದ ಅಳೆಯುವುದು ಅನ್ಯಾಯ.

ಸಿಡ್ನಿ ಒಪೆರಾ ಹೌಸ್ ನೋಡಿ. 1957ರ ಅಂದಾಜು 70 ಲಕ್ಷ ಆಸ್ಟ್ರೇಲಿಯನ್ ಡಾಲರ್, 1973ರಲ್ಲಿ ಮುಗಿದಾಗ 10.2 ಕೋಟಿ. ಸುಮಾರು ಶೇ. 1400ರಷ್ಟು ಏರಿಕೆಯ ಕುಖ್ಯಾತಿ ಬಂದದ್ದು ಹೀಗೆ. ಆ 70 ಲಕ್ಷ ಯಾವುದರ ಅಂದಾಜು? ವಿನ್ಯಾಸ ಸ್ಪರ್ಧೆಯಲ್ಲಿ ಗೆದ್ದ ವಾಸ್ತುಶಿಲ್ಪಿ ಯೋರ್ನ್ ಉಟ್ಸನ್ ಅವರ ರೇಖಾಚಿತ್ರಗಳದ್ದು. ಚಾವಣಿಯ ಚಿಪ್ಪುಗಳನ್ನು ಕಟ್ಟುವ ಬಗೆ ಆಗ ಯಾರಿಗೂ ತಿಳಿದಿರಲಿಲ್ಲ. ಆ ರಾಜ್ಯದ ಪ್ರೀಮಿಯರ್ ಜೋ ಕಾಹಿಲ್ ಅವಸರದಲ್ಲಿ 1959ರ ಮಾರ್ಚ್‌ನಲ್ಲೇ ಕೆಲಸ ಶುರುಮಾಡಿಸಿದರು. ಆಮೇಲೆ ನೋಡಿದರೆ ಕೆಳಗಿನ ಕಂಬಗಳು ಚಾವಣಿಯ ಭಾರ ತಾಳುವಂತಿರಲಿಲ್ಲ, ಮತ್ತೆ ಕಟ್ಟಬೇಕಾಯಿತು. ಚಾವಣಿ ಏರಿಸಿದ್ದು ಹಾರ್ನಿಬ್ರೂಕ್ ಕಂಪನಿ. 2,194 ಕಾಂಕ್ರೀಟ್ ತುಂಡುಗಳನ್ನು ಎರಕ ಹೊಯ್ದು, ಹಿಗ್ಗಿಸಿ ಕುಗ್ಗಿಸಬಲ್ಲ ಉಕ್ಕಿನ ಕಮಾನೊಂದನ್ನು ಆಸರೆ ಮಾಡಿಕೊಂಡು ಒಂದೊಂದಾಗಿ ಜೋಡಿಸಿತು. ಲೋಕವೇ ಬೆರಗಾದ ಈ ಕೈಚಳಕಕ್ಕೆ ಶೇ. 1400ರಲ್ಲಿ ಜಾಗವೇ ಇಲ್ಲ.

ಫ್ಲೂಬ್ಯೆರ್ ಕೂಡ ದೂರುವುದು ಅವಸರದ ಯೋಜನೆಯನ್ನೇ, ನಿಜ. ಆದರೆ ಅಂಕಿಗೆ ಆ ವಿವೇಕವಿಲ್ಲ. ಅದು ಖರ್ಚು ಮೀರಿದ ಯೋಜನೆಗಳ ಪಟ್ಟಿಯಲ್ಲಿ ಒಂಟಿಯಾಗಿ ನಿಂತು ಕಟ್ಟಿದವರಿಗೂ ಮಸಿ ಬಳಿಯುತ್ತದೆ. ಸಂಶೋಧಕ ಪೀಟರ್ ಲವ್ ಮತ್ತು ಅವರ ಸಹಲೇಖಕರೊಬ್ಬರು 2018ರಲ್ಲಿ ಫ್ಲೂಬ್ಯೆರ್ ಮೇಲೆ ಹರಿಹಾಯ್ದಾಗ ‘ಸುಳ್ಳುಸುದ್ದಿ’ ಎಂಬ ಮಾತನ್ನು ಪ್ರಬಂಧದ ಶೀರ್ಷಿಕೆಗೇ ತಂದರು. ಅದು ವಿದ್ವತ್ತಿಗೆ ತಕ್ಕ ಮಾತಲ್ಲ. ಕಟ್ಟುವ ನಿರ್ಧಾರ ಎಷ್ಟು ಸರಿಯಿತ್ತೆಂದು ತಿಳಿಯಬೇಕಿದ್ದರೆ ನಿರ್ಧಾರದ ದಿನದಿಂದಲೇ ಅಳೆಯಬೇಕೆಂಬ ಫ್ಲೂಬ್ಯೆರ್ ಉತ್ತರ ಗಟ್ಟಿಯಾಗಿದೆ. ಲವ್ ಅಳತೆಯ ಆರಂಭವೆಂದು ಹಿಡಿದ, ಗುತ್ತಿಗೆ ಕೊಟ್ಟ ದಿನವೂ ನಿರ್ಮಲವಲ್ಲ. ಕಡಿಮೆ ದರ ಕೂಗಿದವನಿಗೇ ಕೆಲಸ ಕೊಡುವ ಕಡೆ, ಕಡಿಮೆ ಬರೆದು ಗೆದ್ದು, ಹೆಚ್ಚುವರಿ ಕೆಲಸದ ಬಿಲ್ಲುಗಳಲ್ಲಿ ಹಣ ವಸೂಲು ಮಾಡಿಕೊಳ್ಳುವವರಿದ್ದಾರೆ. ಪೂರ್ತಿ ನಕ್ಷೆ ಇಟ್ಟುಕೊಂಡು ಕೂತು ಮಾತಾಡಿ ದರ ಗೊತ್ತುಮಾಡಿದ ಗುತ್ತಿಗೆಯೊಂದಿಗೆ ಅಂಥ ಗುತ್ತಿಗೆಯನ್ನು ಹೋಲಿಸುವುದು ಹೇಗೆ?

ಹಾಗಾಗಿ ಗುತ್ತಿಗೆದಾರನ ಕೆಲಸವನ್ನು ಅವನ ಕೈಗೆ ನಕ್ಷೆ ಬಂದ ದಿನದಿಂದ ಅಳೆಯಬೇಕು. ಮಾಲೀಕ ಮಾಡಿಸಿದ ಬದಲಾವಣೆಗಳ ಖರ್ಚನ್ನು ಬೇರೆ ಬರೆಯಬೇಕು, ಕಟ್ಟಡ ಒಪ್ಪಿಸಿದ ಮೇಲೆ ಕಂಡ ದೋಷಗಳನ್ನೂ ಎಣಿಸಬೇಕು. ನಮ್ಮ ಲೋಕೋಪಯೋಗಿ ಇಲಾಖೆಯಲ್ಲಿ ಸ್ಥೂಲ ಅಂದಾಜಿನ ಮೇಲೆ ಆಡಳಿತಾತ್ಮಕ ಅನುಮೋದನೆ, ವಿವರವಾದ ಅಂದಾಜಿನ ಮೇಲೆ ತಾಂತ್ರಿಕ ಮಂಜೂರಾತಿ, ಟೆಂಡರ್ ಅದಾದ ಮೇಲೆ. ಮೊದಲನೆಯ ಮೊತ್ತದಿಂದ ಲೆಕ್ಕ ಶುರುಮಾಡಿದರೆ, ಗುತ್ತಿಗೆದಾರ ಯಾರೆಂದೇ ಗೊತ್ತಿಲ್ಲದಾಗ ಆದ ಏರಿಕೆಯೂ ಅವನ ತಲೆಗೇ ಬರುತ್ತದೆ.