ಕೊಡಲಿ ಹಿಡಿಯದ ನಾಲ್ವರು

ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಕಡೆಯ ಮಕ್ಕಳಿಗೆ ಸವದತ್ತಿ ಎಲ್ಲಮ್ಮನ ಕಥೆಯನ್ನು ಯಾರೂ ಕೂಡ್ರಿಸಿಕೊಂಡು ಕಲಿಸುವುದಿಲ್ಲ. ಗುಡ್ಡಕ್ಕೆ ಹೊರಟ ಚಕ್ಕಡಿಯಲ್ಲಿ, ಜೋಗತಿಯರ ಚೌಡಿಕೆ ಪದದಲ್ಲಿ ಅದು ತಾನಾಗಿ ಕಿವಿಗೆ ಬೀಳುತ್ತದೆ. ಹೊಳೆಯಿಂದ ಬಂದ ರೇಣುಕೆಯ, ಅಂದರೆ ಎಲ್ಲಮ್ಮನ, ಮೇಲೆ ಗಂಡ ಜಮದಗ್ನಿ ಸಿಟ್ಟಾದ, ತಾಯಿಯನ್ನು ಕೊಲ್ಲೆಂದು ಮಕ್ಕಳಿಗೆ ಹೇಳಿದ, ಕಿರಿಯ ಮಗ ಪರಶುರಾಮ ತಲೆ ಕಡಿದ. ದೇವಿಯ ಮೇಲಿನ ಭಕ್ತಿ ನನಗೂ ಇದೆ. ನನ್ನ ತಕರಾರು ಈ ಕಥೆಯನ್ನು ನಾವು ಹೇಳುತ್ತ ಬಂದ ರೀತಿಯ ಮೇಲೆ.

ಪ್ರವಚನಗಳಲ್ಲಿ ಪರಶುರಾಮ ತಂದೆಯ ಮಾತು ಮೀರದ ಮಗ. ಆಜ್ಞೆ ಕೇಳಿದಾಗ ಆ ಹುಡುಗನ ಎದೆಯಲ್ಲಿ ಏನಾಯಿತೆಂದು ಯಾರೂ ಕೇಳುವುದಿಲ್ಲ. ಮಹಾಭಾರತದ ವನಪರ್ವ ಇಲ್ಲಿ ಹೆಚ್ಚು ಸೂಕ್ಷ್ಮವಾಗಿದೆ. ತಾಯಿ ಬದುಕಲಿ, ಸತ್ತದ್ದು ಅವಳಿಗೆ ನೆನಪಿರದಿರಲಿ ಎಂದು ಅವನು ವರ ಬೇಡುತ್ತಾನೆ. ತಾಯಿ ಮರೆತಳು, ಮಗನ ಗತಿ? ಮುಂದೆ ಇಪ್ಪತ್ತೊಂದು ಸಲ ಕ್ಷತ್ರಿಯರನ್ನು ಕಡಿದದ್ದಕ್ಕೆ ತಂದೆಯ ಕೊಲೆ ಕಾರಣವೆನ್ನುತ್ತದೆ ಪುರಾಣ. ಆದರೆ ಅವನ ಕೈಗೆ ಮೊದಲು ಅಂಟಿದ್ದು ಹೆತ್ತವಳ ರಕ್ತ, ಅಂಟಿಸಿದವನು ಅಪ್ಪ.

ಇದು ಪುರಾಣದಲ್ಲೇ ಮುಗಿದಿದ್ದರೆ ಬರೆಯಬೇಕಿರಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತೆಯರಲ್ಲಿ ಶೇ. 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಹಿಂದಿನ ಸಮೀಕ್ಷೆಯಲ್ಲಿ ಅದು ಶೇ. 20.6 ಇತ್ತು. ಅದೇ ಸಮೀಕ್ಷೆ ಇನ್ನೊಂದು ಪ್ರಶ್ನೆ ಕೇಳುತ್ತದೆ: ನಿಮ್ಮಪ್ಪ ನಿಮ್ಮವ್ವನಿಗೆ ಹೊಡೆಯುತ್ತಿದ್ದನೇ? ಹೌದೆಂದವರಲ್ಲಿ ಗಂಡನ ಹೊಡೆತಕ್ಕೆ ಸಿಕ್ಕವರೂ ಹೆಚ್ಚು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತೇವೆ. ಮಲಗಿದಂತೆ ಕಣ್ಣುಮುಚ್ಚಿ ಎಲ್ಲವನ್ನೂ ಕೇಳಿಸಿಕೊಂಡ ಮಗುವಿಗೆ ಆ ಗಾದೆಯಲ್ಲಿ ಜಾಗವಿಲ್ಲ.

ಹಾಗೆಂದು ಇದನ್ನು ಹಣೆಬರಹವೆನ್ನುವುದು ದೊಡ್ಡ ಅನ್ಯಾಯ. ಬಾಲ್ಯದಲ್ಲಿ ಹಿಂಸೆ, ನಿರ್ಲಕ್ಷ್ಯಕ್ಕೆ ಸಿಕ್ಕ 908 ಮಕ್ಕಳ ಮುಂದಿನ ಬದುಕನ್ನು ಪರಿಶೀಲಿಸಿದ ಅಮೆರಿಕದ ಸಂಶೋಧಕಿ ಕ್ಯಾಥಿ ವಿಡಮ್ 1989ರಲ್ಲೇ ಎರಡನ್ನೂ ತೋರಿಸಿದರು: ಅಂಥವರು ಹಿಂಸೆಗೆ ಇಳಿಯುವ ಸಂಭವ ಹೆಚ್ಚು, ಆದರೂ ಬಹುಪಾಲು ಮಂದಿ ಇಳಿಯುವುದಿಲ್ಲ.

ನಮ್ಮ ಕಥೆಯಲ್ಲೂ ಐವರು ಗಂಡುಮಕ್ಕಳಲ್ಲಿ ನಾಲ್ವರು ಕೊಡಲಿ ಎತ್ತಲಿಲ್ಲ. ಅದಕ್ಕಾಗಿ ಶಾಪ ಉಂಡರು. ಗುಡ್ಡದಲ್ಲಿ ಪರಶುರಾಮನಿಗೆ ಗುಡಿಯಿದೆ. ಈ ಅಣ್ಣಂದಿರು ಕೇಳುವವರ ಮನಸ್ಸಿನಲ್ಲೂ ಉಳಿದಿಲ್ಲ. ಸಿಟ್ಟಾದ ಅಪ್ಪನೆದುರು ನಿಂತು ತಾಯಿಯ ಮೇಲೆ ಕೈ ಮಾಡದ ಗಂಡುಮಕ್ಕಳ ಮಾದರಿ ನಮ್ಮ ಹುಡುಗರಿಗೆ ಬೇಕಿದ್ದರೆ ಇವರಿಗಿಂತ ಹತ್ತಿರದವರಿಲ್ಲ. ಮುಂದಿನ ಹುಣ್ಣಿಮೆಗೆ ಗುಡ್ಡ ಹತ್ತುವಾಗ ಮಕ್ಕಳಿಗೆ ಕಥೆ ಹೇಳುವವರು ದಯವಿಟ್ಟು ಈ ಹೆಸರುಗಳನ್ನೂ ಹೇಳಿರಿ: ರುಮಣ್ವಂತ, ಸುಷೇಣ, ವಸು, ವಿಶ್ವಾವಸು.