ಪ್ರೋಟೀನಿನ ಜೀರ್ಣೋದ್ಧಾರ ಮತ್ತು ಜೀವಶಾಸ್ತ್ರದ ಬೋಧನೆ

ಪದವಿ ತರಗತಿಯ ಜೀವಶಾಸ್ತ್ರ ಗ್ರಂಥಗಳಲ್ಲಿ ಪ್ರೋಟೀನಿಗೆ ಹುಟ್ಟು ಉಂಟು, ಮುಪ್ಪು ಇಲ್ಲ. ಅಮೈನೋ ಆಮ್ಲಗಳು ಸರಪಣಿಯಾಗಿ ಹೆಣೆದುಕೊಳ್ಳುವ ಬಗೆಯನ್ನು ಅವು ಸವಿಸ್ತಾರವಾಗಿ ನಿರೂಪಿಸುತ್ತವೆ. ಹಾಗೆ ಸಿದ್ಧವಾದ ಪ್ರೋಟೀನು ಕಾಲಕ್ರಮದಲ್ಲಿ ಏನಾಗುತ್ತದೆಂಬ ಪ್ರಶ್ನೆಯನ್ನು ಬಹುಮಟ್ಟಿಗೆ ಬದಿಗೊತ್ತುತ್ತವೆ. ಈ ಕೊರತೆ ವಿಷಯಸಂಗ್ರಹದ್ದು ಮಾತ್ರವಲ್ಲ, ಬೋಧನೆಯ ದೃಷ್ಟಿಯದೂ ಹೌದು.

ಆಸ್ಪರಜಿನ್, ಆಸ್ಪಾರ್ಟಿಕ್ ಆಮ್ಲಗಳಿರುವ ಎಡೆಗಳಲ್ಲಿ ಪ್ರೋಟೀನು ಯಾವ ಕಿಣ್ವದ ಪ್ರೇರಣೆಯೂ ಇಲ್ಲದೆ ತಾನಾಗಿಯೇ ಕೆಡುತ್ತದೆ. ಸಕ್ಸಿನಿಮೈಡ್ ಎಂಬ ಉಂಗುರವೊಂದು ಏರ್ಪಟ್ಟು ಒಡೆದಾಗ, ಬಹುಪಾಲು ಐಸೋಆಸ್ಪಾರ್ಟೇಟ್ ಎಂಬ ವಿಕೃತ ರೂಪ ಉಳಿಯುತ್ತದೆ. ಸರಪಣಿಯ ಬೆನ್ನೆಲುಬಿನಲ್ಲಿ ಇಂಗಾಲದ ಒಂದು ಪರಮಾಣು ಹೆಚ್ಚಿ ಅದು ಸೊಟ್ಟಗಾಗುತ್ತದೆ. ಪಿ.ಐ.ಎಂ.ಟಿ. ಎಂಬ ಮೀಥೈಲ್ ಟ್ರಾನ್ಸ್‌ಫರೇಸ್ ಕಿಣ್ವ ಈ ಸೊಟ್ಟನ್ನು ಗುರುತಿಸಿ ಅಲ್ಲಿ ಮೀಥೈಲ್ ಗುಂಪನ್ನು ಸೇರಿಸುತ್ತದೆ. ಮತ್ತೆ ಉಂಗುರ ಏರ್ಪಟ್ಟು ಒಡೆದಾಗ ಒಂದು ಸಣ್ಣ ಪಾಲು ನೇರವಾದ ಆಸ್ಪಾರ್ಟೇಟ್ ಆಗುತ್ತದೆ; ಉಳಿದದ್ದು ಪುನಃ ಕಿಣ್ವದ ಕೈಗೆ ಬರುತ್ತದೆ. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಸ್ಟೀವನ್ ಕ್ಲಾರ್ಕ್ ಮೊದಲಾದವರ ಶ್ರಮದಿಂದ ಈ ಕ್ರಮ 1987ರಲ್ಲಿ ಪ್ರಯೋಗನಾಳದಲ್ಲಿ ತೋರಿಬಂದಿತು.

ಇದನ್ನು ‘ದುರಸ್ತಿ’ ಎಂದು ಕರೆಯುವ ರೂಢಿ ವಿಮರ್ಶೆಗೆ ಯೋಗ್ಯವಾದುದು. ಮೊದಲಿಗೆ ಆಸ್ಪರಜಿನ್ ಇದ್ದೆಡೆಯಲ್ಲಿ ಕೊನೆಗೆ ನಿಲ್ಲುವುದು ಆಸ್ಪಾರ್ಟೇಟೇ ಹೊರತು ಆಸ್ಪರಜಿನ್ ಅಲ್ಲ. ದೇವಾಲಯದ ಜೀರ್ಣೋದ್ಧಾರದಲ್ಲಿ ಬಿದ್ದ ಕಂಬದ ಸ್ಥಾನಕ್ಕೆ ಬೇರೊಂದು ಕಂಬ ಬರುವಂತೆ ಇದು. ಕಟ್ಟಡ ನಿಲ್ಲುತ್ತದೆ, ಹಳೆಯ ಕಂಬ ಮರಳದು. ‘ಕಿಣ್ವ ಪ್ರೋಟೀನನ್ನು ಸರಿಪಡಿಸುತ್ತದೆ’ ಎಂಬ ಒಂದು ವಾಕ್ಯವನ್ನು ಬಾಯಿಪಾಠ ಮಾಡಿದವನಿಗೆ ಈ ಭೇದ ಹೊಳೆಯದು.

ಆದರೂ ಈ ಅರೆ ದುರಸ್ತಿಯ ಬೆಲೆ ಅಲ್ಪವಲ್ಲ. 1997ರ ಪ್ರಯೋಗದಲ್ಲಿ ಈ ಕಿಣ್ವವಿಲ್ಲದ ಇಲಿಗಳು ಸರಾಸರಿ 42 ದಿನಗಳಲ್ಲಿ ಅಪಸ್ಮಾರದಂಥ ಸೆಳವಿನಿಂದ ಸತ್ತವು. ಚೀನದ ಒಣಗಿದ ಸರೋವರದಲ್ಲಿ ದೊರೆತ, ಸುಮಾರು 1300 ವರ್ಷ ಹಳೆಯ ತಾವರೆಯ ಬೀಜವೊಂದು ಮೊಳೆತುದನ್ನು 1995ರಲ್ಲಿ ಪ್ರಕಟಿಸಿದ ವಿಜ್ಞಾನಿಗಳು, ಅದರಲ್ಲಿಯೂ ಈ ಕಿಣ್ವದ ಚಟುವಟಿಕೆಯನ್ನು ಕಂಡರು. ಬೀಜದ ದೀರ್ಘಾಯುಷ್ಯಕ್ಕೆ ಕಿಣ್ವವೇ ಕಾರಣವೆನ್ನಲು ಅಷ್ಟೇ ಸಾಲದು. ಒಂದು ಸಂಗತಿ ಇನ್ನೊಂದರ ಜೊತೆಗಿದ್ದ ಮಾತ್ರಕ್ಕೆ ಅದರ ಕಾರಣವಾಗದು. ಈ ಎಚ್ಚರವನ್ನು ಕಲಿಸುವುದೇ ವಿಜ್ಞಾನಬೋಧನೆಯ ಮುಖ್ಯ ಕಾರ್ಯ.

ಅದು ಉಪನ್ಯಾಸದಿಂದ ಬರುವುದು ದುರ್ಲಭ. ಉತ್ತರ ಮೊದಲೇ ಗೊತ್ತಿರುವ ಪ್ರಯೋಗ ಅಡಿಗೆಯ ಪುಸ್ತಕದಂತೆ. ಫಲ ತಪ್ಪಿದರೆ ವಿದ್ಯಾರ್ಥಿ ಕಾರಣವನ್ನು ಹುಡುಕುವುದಿಲ್ಲ, ಪಕ್ಕದವನ ಅಂಕಿಗಳನ್ನು ನಕಲು ಮಾಡುತ್ತಾನೆ. ಇದಕ್ಕೆ ಪ್ರತಿಯಾಗಿ ಅಮೆರಿಕದಲ್ಲಿ 2008ರಲ್ಲಿ ಆರಂಭವಾದ ‘ಸೀ-ಫೇಜಸ್’ ಯೋಜನೆಯಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳೇ ಮಣ್ಣಿನಿಂದ ಹೊಸ ಬ್ಯಾಕ್ಟೀರಿಯಾಭಕ್ಷಕ ವೈರಸ್ಸುಗಳನ್ನು ಬೇರ್ಪಡಿಸುತ್ತಾರೆ. ದುರಸ್ತಿಯ ಕಿಣ್ವವೂ ಇಂಥ ಪಾಠಕ್ಕೆ ಒದಗುವ ವಸ್ತು. ಅದರ ಒಂದೊಂದು ಅಮೈನೋ ಆಮ್ಲವನ್ನು ಬದಲಿಸಿ, ಶಕ್ತಿ ಕುಗ್ಗಿತೇ ಉಳಿಯಿತೇ ಎಂದು ಅಳೆದರೆ, ಅಧ್ಯಾಪಕನಿಗೂ ತಿಳಿಯದ ಉತ್ತರ ತರಗತಿಯಲ್ಲಿ ಹುಟ್ಟಬಹುದು.

ಈ ಪದ್ಧತಿಗೂ ದೋಷವುಂಟು. ಪ್ರಶ್ನೆ ಅಧ್ಯಾಪಕನದು, ದುಡಿಮೆ ವಿದ್ಯಾರ್ಥಿಯದು ಎಂದಾದರೆ ಸಂಶೋಧನೆ ಬಿಟ್ಟಿ ಚಾಕರಿಯಾಗುತ್ತದೆ. ಅದಕ್ಕೆ ಬೇಕಾದ ರಾಸಾಯನಿಕಗಳೂ ಬಿಡುವೂ ಸಾಮಾನ್ಯ ಕಾಲೇಜಿಗೆ ಎಟುಕದಿದ್ದರೆ, ಅದು ಕೆಲವರ ಸೊತ್ತಾಗಿಯೇ ಉಳಿಯುತ್ತದೆ.

ಆದರೆ ಉಪಕರಣಗಳ ಅಭಾವವನ್ನು ಮುಂದೊಡ್ಡಿ ಮನೋಧರ್ಮದ ಅಭಾವವನ್ನು ಮುಚ್ಚಿಡಲಾಗದು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದು ಗಿಡದ ಮುಂದೆ ನಿಲ್ಲಿಸಿದರು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಹಸಿರು ಹೊನ್ನು’ ಆ ಅನುಭವದ ಫಲ. ಪುಸ್ತಕದ ಮಾತನ್ನು ಕಣ್ಣೆದುರಿನ ಗಿಡದೊಡನೆ ಹೋಲಿಸಿ ನೋಡುವ ಅಭ್ಯಾಸ ಅಲ್ಲಿ ಬೆಳೆಯಿತು. ಕಿಣ್ವದ ಪಾಠವೂ ಆ ಅಭ್ಯಾಸದಿಂದಲೇ ಮೊದಲಾಗಬೇಕು.